ಬಿಳಿ ದಾರದ ಬಾಟಲಿ

ಶುಕ್ರವಾರ ಬೆಳಗಿನ ನಮಾಜು ಮುಗಿದ ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕು ಮತ್ತೆ ಕರಕರ ಎಂದಿತು. ಆ ಹೊತ್ತಿನಲ್ಲಿ ಅದು ಎರಡನೆಯ ಸಲ ಬಾಯಿಬಿಟ್ಟರೆ ಏನೆಂದು ಊರಿಗೆ ಗೊತ್ತು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕೈ ತಡೆದು ಕಿವಿಗೊಟ್ಟರು. ಪಶು ಆಸ್ಪತ್ರೆಯ ಕಂಪೌಂಡರ್ ಆಗಿದ್ದ ಖಾಜಾಹುಸೇನ ಸಾಹೇಬರು ತೀರಿಕೊಂಡರೆಂದೂ, ಮಣ್ಣು ಜುಮ್ಮಾ ನಮಾಜಿನ ಮೇಲೆಂದೂ ಮೈಕು ಉರ್ದುವಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿತು. ಚಳಿಯ ಬೆಳಗು. ಗಾಳಿ ಅಲುಗಾಡುತ್ತಿರಲಿಲ್ಲ. ಆ ದನಿ ವನದುರ್ಗದ ಕೋಟೆಯ ಕಡೆಯವರೆಗೂ, ತೊಗರಿ ಕಿತ್ತ ಬರಿಯ ಹೊಲಗಳ ಮೇಲೆಲ್ಲ ಹೋಯಿತು.

ಗಂಡನ ತಲೆಯ ಬಳಿ ಕುಳಿತಿದ್ದ ಮಮ್ತಾಜ ಅದನ್ನು ಕೇಳಿದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಆ ಹೆಸರು ಹಿಡಿದು ಕರೆದವಳಲ್ಲ. ಅವರು ಕಣ್ಣು ಮುಚ್ಚಿದಾಗ ಅಳು ಬಂದಿರಲಿಲ್ಲ. ಮೈಕು ಹೆಸರು ಹೇಳಿದಾಗ ಬಂತು.

ಅವರು ಹೋದದ್ದು ಬೆಳಗಿನ ಬಾಂಗಿಗೆ ಸ್ವಲ್ಪ ಮುಂಚೆ. ಗುರುವಾರ ಸಂಜೆಯಿಂದಲೇ ಎದೆ ಹಿಡಿದಂತಾಗುತ್ತಿದೆ ಎನ್ನುತ್ತಿದ್ದರು. ಶಹಾಪುರಕ್ಕೆ ಹೋಗೋಣವೆಂದರೆ ವಾಯು ಎಂದು ಹೇಳಿ ಓಮಿನ ಕಾಳು ಅಗಿದು ಮಲಗಿದರು. ನಸುಕಿನಲ್ಲಿ ಎದ್ದು ಕುಳಿತು ನೀರು ಕೇಳಿದರು. ಲೋಟ ತರುವುದರೊಳಗೆ ಗೋಡೆಗೆ ಒರಗಿದ್ದರು.

ಖಾಜಾಹುಸೇನರ ತಂಗಿ ನುಜ್ಹತ ಹತ್ತು ವರ್ಷದ ಹಿಂದೆ ತಾನೂ ಗಂಡನನ್ನು ಕಳೆದುಕೊಂಡವಳು. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಏನು ಮೊದಲು, ಏನು ಆಮೇಲೆ ಎಂದು ಹೇಳುವವಳು ಅವಳೇ. ಅಣ್ಣನ ಕಾಲಿನ ಹೆಬ್ಬೆರಳುಗಳನ್ನು ಬಟ್ಟೆಯಿಂದ ಕಟ್ಟಿ ತಲೆಯೆತ್ತಿ ಕೇಳಿದಳು:

"ಭಾಬಿ, ಹೊದಿಸೂ ಕಫನ್ ಅರಿವಿ ಎಲ್ಲಿಟ್ಟೀರಿ?"

"ಭವನದಾಗ ಐತಿ. ಕಬ್ಬಿಣದ ಕಪಾಟಿನ್ಯಾಗ. ಮನ್ಯಾಗ ಇಲಿ ಕಡೀತಾವಂತ ಅಲ್ಲಿಟ್ಟಿದ್ರು."

"ಹಂಗಾರ ನೀವೇ ತರ್ರಿ. ಕೀಲಿ ನಿಮಗ ಗೊತ್ತು."

ಭವನವೆಂದರೆ ಊರ ಸಮುದಾಯ ಭವನ. ಇವರ ಮನೆಯ ಹಿಂದಿನ ಗೋಡೆಗೇ ಅಂಟಿಕೊಂಡ ಎರಡು ಕೋಣೆ, ಒಂದು ಪಡಸಾಲೆ. ನಡುವೆ ಒಂದು ಬಾಗಿಲು. ಭಗವಂತರಾಯ ಮಾಸ್ತರರು ನಿವೃತ್ತರಾದ ಮೇಲೆ ಪಾಳುಬಿದ್ದಿದ್ದ ಆ ಕಟ್ಟಡಕ್ಕೆ ಸುಣ್ಣ ಹೊಡೆಸಿ ಕೀಲಿ ತೆಗೆದವರು. ಅಲ್ಲಿ ಹುಡುಗಿಯರು ಹೊಲಿಗೆ ಕಲಿಯುತ್ತಿದ್ದರು. ಹೆಬ್ಬೆಟ್ಟಿನ ಹೆಂಗಸರು ತಮ್ಮ ಹೆಸರು ಬರೆಯುವುದನ್ನು ಕಲಿತು, ಅದನ್ನು ಗೋಡೆಯ ಮೇಲೂ ಬರೆದು ಮಾಸ್ತರರಿಂದ ಬೈಸಿಕೊಳ್ಳುತ್ತಿದ್ದರು. ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ತಿರುಗುವ ಕುರಿಗಾರರಿಗೆ ಕರೆಂಟು ಎಲ್ಲಿಯದು? ಅವರ ಫೋನುಗಳು ಅಲ್ಲಿಯ ಹಲಗೆಯ ಮೇಲೆ ಸಾಲಾಗಿ ಚಾರ್ಜಿಗೆ ಕುಳಿತಿರುತ್ತಿದ್ದವು. ಮಮ್ತಾಜ ವಾರಕ್ಕೆರಡು ದಿನ ತಕ್ಕಡಿಯ ಜೋಳಿಗೆ ಹೆಗಲಿಗೇರಿಸಿ ಹಿಂಡು ಬಿಟ್ಟ ಹೊಲಗಳಿಗೇ ಹೋಗಿ ಕೂಸುಗಳನ್ನು ತೂಗಿ ಬರುತ್ತಿದ್ದಳು.

ಗುರುವಾರ ಮಾತ್ರ ಔಷಧದ ದಿನ. ಒಂದೇ ಮೇಜು, ಎರಡು ಕಡೆ ಇಬ್ಬರು. ಖಾಜಾಹುಸೇನರು ದೊಡ್ಡ ಕ್ಯಾನಿನಿಂದ ಕುರಿಯ ಉಣ್ಣಿಗೆ ಹಚ್ಚುವ ಔಷಧ ಅಳೆದು ಕೊಡುತ್ತಿದ್ದರು. ಅದು ವಿಷ. ನೀರಿಗೆ ಕೆಲವು ಹನಿ ಸಾಕು. ಮಮ್ತಾಜ ತನ್ನ ತಾಯಿಯಿಂದ ಕಲಿತ ಕೆಮ್ಮಿನ ಕಷಾಯ ಕೊಡುತ್ತಿದ್ದಳು. ಜ್ಯೇಷ್ಠಮಧು, ಶುಂಠಿ, ಓಮು, ಬೆಲ್ಲ ಹಾಕಿ ಕುದಿಸಿದ್ದು. ಎರಡೂ ಕಂದು. ಎರಡೂ ಹೋಗುತ್ತಿದ್ದದ್ದು ತೊಳೆದಿಟ್ಟ ಕ್ವಾರ್ಟರ್ ಬಾಟಲಿಗಳಲ್ಲಿ, ಊರಿನಲ್ಲಿ ಬೇಡವೆಂದರೂ ಸಿಗುವಂಥವು. ಓದು ಬಾರದವರಿಗೆ ಚೀಟಿ ಅಂಟಿಸಿ ಏನು ಫಲವೆಂದು ಖಾಜಾಹುಸೇನರೇ ದಾರದ ಗುರುತು ಮಾಡಿದ್ದರು. ಕೊರಳಿಗೆ ಕಂಬಳಿಯ ಕರಿ ದಾರವಿದ್ದರೆ ಕುರಿಯದು. ಹೊಲಿಗೆಯ ಬಿಳಿ ದಾರವಿದ್ದರೆ ಕೂಸಿನದು. ಸುತ್ತಲಿನ ಎಲ್ಲ ಹಿಂಡಿನವರಿಗೂ ಇದು ತಿಳಿದಿತ್ತು. ದಾರವಿಲ್ಲದ ಬಾಟಲಿ ಮೇಜಿನ ಮೇಲೆ ಒಂದು ಗಳಿಗೆಯೂ ನಿಲ್ಲಕೂಡದು ಎಂದು ಅವರ ಕಟ್ಟಪ್ಪಣೆ.

ಮಮ್ತಾಜ ಕಪಾಟು ತೆರೆದು ಕಫನಿನ ಗಂಟು ತೆಗೆದುಕೊಂಡಳು. ತಿರುಗಿದಾಗ ಮೇಜಿನ ಮೇಲೆ ಒಂದೇ ಒಂದು ಬಾಟಲಿ ಕಂಡಿತು. ಬಿಳಿ ದಾರದ್ದು.

ಅವಳು ನಿಂತಳು. ನಿನ್ನೆ ಅಲ್ಲಿ ಎರಡಿದ್ದವು.

ಗಂಟನ್ನು ಕಂಕುಳಲ್ಲಿ ಅದುಮಿಕೊಂಡು ಬಾಟಲಿಯ ಬಿರಡೆ ತೆಗೆದು ಮೂಸಿದಳು. ಶುಂಠಿ. ಓಮು. ಇದು ಕಷಾಯ. ಮತ್ತೊಮ್ಮೆ ಮೂಸಿದಳು. ಮೂರನೆಯ ಸಲ ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದಳು. ಸಿಹಿ. ಹಾಗಾದರೆ ಇಲ್ಲಿಂದ ಹೋದದ್ದು ಇನ್ನೊಂದು.

ನಿನ್ನೆ ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಮಾಳಮ್ಮನಿಗೆಂದು ಕಷಾಯ ತುಂಬಿ ಬಿಳಿ ದಾರ ಕಟ್ಟಿ ಇಟ್ಟಿದ್ದಳು. ಕುರಿಗಾರ ಹೆಂಗಸು ಮಾಳಮ್ಮನ ಮೊಮ್ಮಗ ಹಣಮೇಶನಿಗೆ ಇನ್ನೂ ಎರಡು ತುಂಬಿಲ್ಲ, ವಾರದಿಂದ ಕೆಮ್ಮು. ಆ ಬದಿಯಲ್ಲಿ ಖಾಜಾಹುಸೇನರು ಮರುದಿನ ಬರುತ್ತೇನೆಂದಿದ್ದ ರಂಗಂಪೇಟೆಯ ಕಡೆಯ ಒಬ್ಬ ಕುರಿಗಾರನಿಗೆ ಉಣ್ಣಿಯ ಔಷಧ ತುಂಬಿ ದಾರ ಕಟ್ಟು ಎಂದರು.

"ಕರಿ ದಾರ ಮುಗದೈತ್ರಿ," ಎಂದಿದ್ದಳು ಮಮ್ತಾಜ.

"ಹಂಗಾರ ಸಿಗೂತನಕ ಬಾಟ್ಲಿ ಕೈಯಾಗ ಹಿಡ್ಕೊಂಡು ನಿಂದ್ರು. ಪೊಲೀಸನಂಗ," ಎಂದು ನಕ್ಕು, ಕೈ ತೊಳೆಯಲು ಹಿತ್ತಲಿಗೆ ಹೋದರು. ಎದೆ ಉಜ್ಜಿಕೊಳ್ಳುತ್ತಲೇ ಹೋದರು.

ಮನೆಗೆ ಹೋಗಿ ಕಂಬಳಿಯಿಂದ ಒಂದೆಳೆ ಕಿತ್ತು ತರಬಹುದಿತ್ತು. ಆದರೆ ನಮಾಜಿನ ಹೊತ್ತು ಮೀರುತ್ತಿತ್ತು. ದಾರವಿಲ್ಲದೆ ಇಡಬಾರದೆಂಬ ಅಪ್ಪಣೆಯೂ ಇತ್ತು. ಆ ಅಪ್ಪಣೆ ಮೀರಬಾರದೆಂದು ಅವಳು ವಿಷದ ಬಾಟಲಿಗೆ ಬಿಳಿ ದಾರವನ್ನೇ ಸುತ್ತಿದಳು. ನಮಾಜು ಮುಗಿಸಿ ಬಿಚ್ಚಿದರಾಯಿತು, ಹತ್ತು ನಿಮಿಷದ ಮಾತು ಎಂದುಕೊಂಡು ಮೂಲೆಯಲ್ಲಿ ನಮಾಜಿನ ಚಾಪೆ, ಜಾನಮಾಜು ಹಾಸಿದಳು.

ನಮಾಜಿನ ಎರಡನೆಯ ಸುತ್ತು, ಎರಡನೆಯ ರಕಾತಿನಲ್ಲಿದ್ದಾಗ ಬಾಗಿಲಲ್ಲಿ ನೆರಳಾಯಿತು. ಹಸಿರು ಬಳೆಯ ಕೈ ಮೇಜಿನ ಕಡೆ ಹೋದದ್ದು ಕಣ್ಣಂಚಿಗೆ ಕಂಡಿತು. "ಬೀಬಿ ನಮಾಜಿನ್ಯಾಗ ಅದಾಳ. ಇರ್ಲಿ, ಬಿಳಿ ದಾರದ್ದೈತಲ್ಲ, ಒಯ್ತೇನಿ," ಎಂಬ ಮಾಳಮ್ಮನ ದನಿ. ಆಮೇಲೆ ಹೆಜ್ಜೆಗಳು ದೂರವಾದವು. ಯಾವುದನ್ನು ಒಯ್ದಳು ಎಂಬ ಒಂದು ಮಾತು ಮನಸ್ಸಿಗೆ ಬಂದದ್ದು ನಿಜ. ನಮಾಜಿನಲ್ಲಿ ಮನಸ್ಸು ಕದಲಿಸಲು ಶೈತಾನ ಹೀಗೆಯೇ ಕಿವಿಯಲ್ಲಿ ಪಿಸುಗುಟ್ಟುತ್ತಾನೆ ಎಂದು ಅವಳು ಅದನ್ನು ದೂಡಿ, ನೆಲಕ್ಕೆ ಹಣೆ ಹಚ್ಚಿದಳು. ಸಲಾಮು ಹೇಳಿ ಮುಖ ತಿರುಗಿಸುವಷ್ಟರಲ್ಲಿ ಮನೆಯೊಳಗಿಂದ ಗಂಡ ಕೂಗಿದರು. ಆ ಕೂಗಿನ ನಂತರ ಬಾಟಲಿಯ ನೆನಪು ಪೂರಾ ಅಳಿಸಿಹೋಯಿತು.

ಕುರುಡ ಬಾವಿಯ ಕಡೆ ನಡೆಯುವುದನ್ನು ಕಂಡರೆ ನಮಾಜು ಮುರಿದು ಓಡಿಹೋಗಿ ಹಿಡಿಯಬೇಕು, ಅದು ಧರ್ಮ ಎಂದು ಖಾಜಾಹುಸೇನರು ಎಷ್ಟೋ ಸಲ ಹೇಳಿದ್ದರು. ಅವಳು ತಲೆದೂಗಿ ಕೇಳಿದ್ದಳು.

ಕಷಾಯ ಕೊಡುವುದು ಹೇಗೆಂದು ಹಿಂಡಿನ ಹೆಂಗಸರಿಗೆಲ್ಲ ಅವಳೇ ಬಾಯಿಪಾಠ ಮಾಡಿಸಿದ್ದಳು. ಮುಂಜಾನೆ ಎದ್ದ ಕೂಡಲೆ, ಬರಿಹೊಟ್ಟೆಗೆ, ಎರಡು ಚಮಚೆ, ಬೆಚ್ಚಗೆ ಮಾಡಿ. ಕಿಟಕಿಯಾಚೆ ನೋಡಿದಳು. ಬಿಸಿಲು ಆಗಲೇ ಬೇವಿನ ಬುಡಕ್ಕೆ ಇಳಿದಿತ್ತು. ಹೊಲದಲ್ಲಿ ಕೂಸುಗಳು ಏಳುವ ಹೊತ್ತು.

ಉಣ್ಣಿಯ ಔಷಧದ ವಾಸನೆ ಕುರಿಗಾರರಿಗೆ ತಿಳಿಯದೆ ಇದ್ದೀತೆ? ಆ ಒಂದು ಆಸೆ ಮಿಂಚಿ ಅಲ್ಲೇ ಸತ್ತಿತು. ಆ ದೊಡ್ಡ ರೋಗದ ವರ್ಷ ಜ್ವರ ಬಂದು ಹೋದಾಗಿನಿಂದ ಮಾಳಮ್ಮನಿಗೆ ಮೂಗು ಕೆಲಸ ಮಾಡುವುದಿಲ್ಲ. ಹಾಲು ಸೀದರೂ ತಿಳಿಯದೆಂದು ಅವಳೇ ಹೇಳಿ ನಗುತ್ತಿದ್ದಳು. ಸೊಸೆ ಸೌಭಾಗ್ಯ ಸುರಪುರದ ಪೇಟೆಯಲ್ಲಿ ಬೆಳೆದವಳು, ಕುರಿ ಕಂಡದ್ದು ಮದುವೆಯಾದ ಮೇಲೆ.

ಮಮ್ತಾಜ ಹೊರಕಟ್ಟೆಗೆ ಬಂದಳು. ಅಲ್ಲಿ ಭಗವಂತರಾಯ ಮಾಸ್ತರರು ಗೆಳೆಯನ ಚಪ್ಪಲಿಗಳನ್ನೇ ನೋಡುತ್ತ ಕುಳಿತಿದ್ದರು. ಅವಳು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮಾಸ್ತರರು ಒಮ್ಮೆಗೆ ಅರ್ಥವಾಗದೆ, "ಯಾವ ಬಾಟ್ಲಿ, ಭಾಬಿ?" ಎಂದರು. ಅರ್ಥವಾದಾಗ ಫೋನು ತೆಗೆದರು. ಎರಡು ಸಲ ಬೇರೆ ಯಾರಿಗೋ ಹೋಯಿತು. ಮೂರನೆಯ ಸಲ ಮಾಳಮ್ಮನ ಮಗ ರಾಮಲಿಂಗನ ನಂಬರಿಗೆ ಹತ್ತಿತು.

ಭವನದ ಒಳಗಿಂದ ಡೊಳ್ಳಿನ ಸದ್ದು ಎದ್ದಿತು. ಹಲಗೆಯ ಮೇಲೆ ಚಾರ್ಜಿಗಿಟ್ಟಿದ್ದ ರಾಮಲಿಂಗನ ಫೋನು ಕುಣಿಯುತ್ತ ಬಾರಿಸುತ್ತಿತ್ತು.

"ಸಾವಿನ ಮನ್ಯಾಗ ಯಾರಪ್ಪ ಡೊಳ್ಳ ಬಾರಸವ್ರು?" ಎಂದು ನುಜ್ಹತ ಹೊರಗೆ ಬಂದಳು. ಮಾಸ್ತರರು ಅವಳಿಗೂ ವಿಷಯ ಹೇಳಿದರು.

ಮಮ್ತಾಜ ಹೇಳಿದಳು, "ನಾ ಹೋಗಬೇಕು, ನುಜ್ಹತ."

"ಎಲ್ಲಿಗೆ? ಅಣ್ಣನ ಮೈ ಇನ್ನಾ ತಣ್ಣಗಾಗಿಲ್ಲ. ನೀವು ಇದ್ದತ್ ಕೂಡಬೇಕಾದವ್ರು, ಭಾಬಿ. ನಾಕು ತಿಂಗಳ ಹತ್ತು ದಿನ ಹೊಸ್ತಲಾ ದಾಟಂಗಿಲ್ಲ. ಯಾರರ ಗಂಡಸ್ರು ಹೋಗ್ಲಿ."

"ಹಿಂಡು ಎಲ್ಲಿ ಬಿಟ್ಟಾರಂತ ಗಂಡಸ್ರಿಗೆ ಗೊತ್ತಿಲ್ಲ. ಮಂಗಳವಾರ ಕೂಸು ತೂಗಿ ಬಂದಾಕಿ ನಾನು. ದಾರ ಕಟ್ಟಿದಾಕಿನೂ ನಾನು."

"ಮಂದಿ ಏನಂದಾರು?"

"ಮಂದಿಗೆ ಸಂಜೀಕ ಹೇಳ್ತೇನಿ. ಮ್ಯಾಲಿನವನಿಗೆ ಈಗ ಹೇಳಬೇಕು."

ನುಜ್ಹತ ಗೂಟದ ಮೇಲಿದ್ದ ತನ್ನ ಬುರ್ಖಾ ತೆಗೆದು ಅತ್ತಿಗೆಯ ತಲೆಯ ಮೇಲೆ ಹಾಕಿದಳು. "ನಿಮ್ದು ಊರಿಗೆಲ್ಲಾ ಗುರುತೈತಿ. ಇದನ್ನ ಹಾಕ್ಕೊರ್ರಿ. ಜಲ್ದಿ ಬರ್ರಿ. ಮೈ ತೊಳಿಯೂದ್ರಾಗ ಬರ್ರಿ," ಎಂದು ಬೆನ್ನು ತಿರುಗಿಸಿದಳು.

ಬಂದವರು ಕೂಡಲೆಂದು ಓಣಿಯ ಚಾಂದಪಾಶಾ ಆಗಷ್ಟೇ ತನ್ನ ಟಂಟಂ ಆಟೋದಲ್ಲಿ ಕುರ್ಚಿಗಳನ್ನು ಹೇರಿಕೊಂಡು ಬಂದಿದ್ದ. ಅವನ್ನು ಇಳಿಸಲೂ ಬಿಡದೆ ಮಮ್ತಾಜ ಹತ್ತಿ ಕುಳಿತಳು. ದಾರಿಯುದ್ದಕ್ಕೂ ಕುರ್ಚಿಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಚಾಂದಪಾಶಾ ಕಣ್ಣೊರೆಸಿಕೊಳ್ಳುತ್ತ ಮೆಲ್ಲಗೆ ಹೊಡೆಯುತ್ತಿದ್ದ.

"ಚಾಚಾ ನನ್ನ ಆಡು ಉಳಿಸಿಕೊಟ್ಟಿದ್ರು, ಚಾಚಿ. ಹೊಟ್ಯಾಗ ಮರಿ ಅಡ್ಡ ಆಗಿತ್ತು. ಕೈ ಹಾಕಿ ತಗದು..."

"ಚಾಂದಪಾಶಾ, ಆಮ್ಯಾಲ ಅಳು. ಈಗ ಹೊಡಿ."

ಎದುರಿನಿಂದ ಸಾವಿಗೆಂದು ಬರುವ ಜನ ಗುಂಪು ಗುಂಪಾಗಿ ಬರುತ್ತಿದ್ದರು. ಯಾರೋ ಕೈ ಅಡ್ಡ ಮಾಡಿ, ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದರು. ಒಳಗೆ ಕುಳಿತವಳು ಸತ್ತವರ ಹೆಂಡತಿಯೆಂದು ಅವರಿಗೆ ತಿಳಿಯಲಿಲ್ಲ. ಮಮ್ತಾಜ ಮುಖ ಮುಚ್ಚಿದ ಬಟ್ಟೆಯೊಳಗೆ ತನಗೆ ಬರುವ ಕುರಾನಿನ ಆಯತುಗಳನ್ನೆಲ್ಲ ಹೇಳುತ್ತಿದ್ದಳು. ಮೊದಲನೆಯದರ ಕೊನೆ ಮೂರನೆಯದಕ್ಕೆ ಹೋಗಿ ಸೇರುತ್ತಿತ್ತು. ಅವಳ ಭಯ ಒಂದಲ್ಲ ಎರಡಾಗಿತ್ತು. ಕೂಸು ಮೊದಲನೆಯದು. ಆ ಕೂಸಿಗೆ ಏನಾದರೂ ಆದರೆ, ಆ ವಿಷ ಗಂಡನ ಕ್ಯಾನಿನದು, ಅವರ ಕೈಯಿಂದ ತುಂಬಿದ್ದು. ಈ ಹೊತ್ತು ಮಣ್ಣಿನೊಳಗೆ ಹೋಗಿ ದೇವದೂತರಿಗೆ ಉತ್ತರ ಕೊಡಬೇಕಾದ ಮನುಷ್ಯನ ಕೊರಳಿಗೆ ತಾನು ಕಟ್ಟಿದ ಬಿಳಿ ದಾರ ಬಿದ್ದಿತ್ತು.

ಬೇವಿನ ಮರದ ತಿರುವಿನಲ್ಲಿ ಇಳಿದು ಹೊಲಕ್ಕೆ ಓಡಿದಳು. ಮಂಗಳವಾರ ಹಿಂಡಿದ್ದ ಹೊಲ. ಈಗ ಅಲ್ಲಿ ಹಿಕ್ಕೆಯ ಹಾಸು, ಗೂಟ ಕಿತ್ತ ಕುಣಿಗಳು, ಒಲೆಯ ಮೂರು ಕಲ್ಲು. ಕುರಿಯೊಂದೂ ಇಲ್ಲ. ಅವಳಿಗೆ ಹೊಲವೇ ತಿರುಗಿದಂತಾಯಿತು. ಒಂದು ಹೊಲಕ್ಕೆ ಗೊಬ್ಬರ ಸಾಕಾದರೆ ಹಿಂಡು ಮುಂದಿನ ಹೊಲಕ್ಕೆ ಏಳುತ್ತದೆ, ಇದು ಅವಳಿಗೆ ತಿಳಿಯದ್ದೇ? ಆದರೂ ಹಿಂಡು ತನಗಾಗಿ ಕಾದಿರುತ್ತದೆಂದೇ ನಂಬಿ ಬಂದಿದ್ದಳು.

ಬದುವಿನಾಚೆ ಸುಂದ್ರಮ್ಮ ಎಂಬ ರೈತ ಹೆಂಗಸು ತೊಗರಿ ಕಟ್ಟಿಗೆ ಕಟ್ಟುತ್ತಿದ್ದಳು. ಮಮ್ತಾಜ ಕೂಗಿ ಕೇಳಿದಳು.

"ನಿನ್ನಿ ಸಂಜೀಕ ಎಬ್ಬಿಸ್ಯಾರ್ರಿ. ಕೆನಾಲ್ ಆಚಿ ದಂಡ್ಯಾಗ ನೋಡ್ರಿ, ಕುರಿ ಸುತ್ತ ಕಟ್ಟಿದ್ದ ನೀಲಿ ಬಲಿ ಕಾಣತೈತಿ. ಈಗ ಇಲ್ಲೇ ಹೋದ್ಳಲ್ಲ ಆ ಮುದುಕಿ ಮಾಳವ್ವ."

"ಎಲ್ಲಿಗೆ ಹೋದ್ಳು?"

"ಊರ ಕಡೀಗ್ರಿ. ಅಡ್ಡದಾರಿ ಹಿಡದು. ಎದಿ ಬಡಕೊಂತ ಹೋದ್ಳು."

"ಯಾಕ?"

"ಕೇಳಲಿಲ್ರಿ ನಾ. ಅಳಾಕತ್ತಿದ್ಳು. ಕರದ್ರೂ ತಿರಗಿ ನೋಡ್ಲಿಲ್ಲ."

ಮುಂಜಾನೆ ಎದ್ದ ಕೂಡಲೆ, ಬರಿಹೊಟ್ಟೆಗೆ. ಮುದುಕಿ ಎದೆ ಬಡಿದುಕೊಂಡು ಊರಿನ ಕಡೆ ಓಡುವುದು ಇನ್ಯಾತಕ್ಕೆ? ಅವಳು ಮತ್ತೇನೂ ಕೇಳಲಿಲ್ಲ. ಕಾಲುವೆಯ ಮೇಲಿನ ಕಿರುಸೇತುವೆ ಟಂಟಂಗೆ ಸಾಲದು. ನಡೆದೇ ದಾಟಿದಳು. ಬುರ್ಖಾ ತೊಗರಿಯ ಕೂಳೆಗೆ ಸಿಕ್ಕಿ ಪರ್ ಎಂದು ಹರಿಯಿತು. ಅರವತ್ತೆರಡರ ಮೊಣಕಾಲಿನಲ್ಲೂ ಎಲ್ಲಿ ಹೆಜ್ಜೆ ಇಡುತ್ತಿದ್ದೇನೆಂಬ ಪರಿವೆಯಿಲ್ಲದೆ ಓಡಿದಳು. ನೀಲಿ ಬಲೆಯ ಹಿಂದಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಹಿಂಡಿನ ಎರಡು ನಾಯಿಗಳು ಬೊಗಳುತ್ತ ಬಂದವು. ಬುರ್ಖಾ ಬೇರೆಯದಾದರೂ ಮೈಯ ವಾಸನೆ ಗುರುತಿಸಿ ಬಾಲ ಅಲ್ಲಾಡಿಸಿದವು.

ಬಲೆಯ ಮಗ್ಗುಲಲ್ಲಿ ಕರಿ ಕಂಬಳಿ ಹಾಸಿತ್ತು. ಅದರ ಮೇಲೆ ಹಣಮೇಶ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು. ಒಂದು ಕೈ ಕಂಬಳಿಯಿಂದಾಚೆ ಮಣ್ಣಿನ ಮೇಲೆ ಚಾಚಿತ್ತು. ನೊಣವೊಂದು ಕೆನ್ನೆಯ ಮೇಲೆ ಕುಳಿತಿತ್ತು. ಅದನ್ನು ಓಡಿಸುವವರಿರಲಿಲ್ಲ.

ಮಮ್ತಾಜ ಅವನ ಬಳಿ ಮೊಣಕಾಲೂರಿ ಬಿದ್ದಳು. ಮುಟ್ಟಲು ಕೈ ಏಳಲಿಲ್ಲ. ನಸುಕಿನಲ್ಲಿ ಒಂದು ಮೈ ಮುಟ್ಟಿ ನೋಡಿದ ಕೈ ಅದು. ಮತ್ತೊಂದನ್ನು ಮುಟ್ಟುವ ಧೈರ್ಯ ಅದಕ್ಕಿರಲಿಲ್ಲ.

ಆಗ ಹಣಮೇಶ ಕೆಮ್ಮಿದ. ಕಣ್ಣು ತೆರೆಯದೆಯೇ ಗೊರಗೊರ ಕೆಮ್ಮಿ, ಮಗ್ಗುಲಾಗಿ ಮತ್ತೆ ನಿದ್ದೆಗೆ ಬಿದ್ದ.

"ಯಾರದು?" ಎಂದು ಒಲೆಯ ಕಡೆಯಿಂದ ದನಿ ಬಂತು. ಸೌಭಾಗ್ಯ ಊದುಗೊಳವೆ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಪಗಾಗಿದ್ದವು. ಮೂರು ಕಲ್ಲಿನ ಮೇಲೆ ಒಂದು ಸ್ಟೀಲಿನ ಬಟ್ಟಲು. ಪಕ್ಕದಲ್ಲಿ ಬಿಳಿ ದಾರದ ಬಾಟಲಿ, ಬಿರಡೆ ತೆರೆದು. ಒಲೆಯೊಳಗೆ ಒಂದು ಕಡ್ಡಿ ಆಗಷ್ಟೇ ಹೊತ್ತಿಕೊಂಡಿತ್ತು.

ಮಮ್ತಾಜ ಎದ್ದು ಹೋಗಿ ಬಟ್ಟಲನ್ನು ಕಾಲಿನಿಂದ ಒದ್ದಳು. ಅದು ಉರುಳಿ ಬೂದಿಯಲ್ಲಿ ಬಿತ್ತು. ಘಾಟು ವಾಸನೆ ಮೇಲೆದ್ದಿತು.

"ಏ, ಯಾಕ್ರೀ?" ಸೌಭಾಗ್ಯ ಎದ್ದು ನಿಂತಳು. "ಯಾರ್ರೀ ನೀವು? ಕೂಸಿನ ಔಷಧ ಅದು."

ಮಮ್ತಾಜ ಮುಖದ ಬಟ್ಟೆ ತೆಗೆದಳು. "ಕುಡಿಸಿಯೇನು? ಒಂದು ಚಮಚಿ? ಅರ್ಧ? ನಾಲಿಗಿಗೆ ಹಚ್ಚಿಯೇನು? ಖರೇ ಹೇಳವ್ವ."

"ಇಲ್ರಿ, ಬೀಬಿ. ಎಲ್ಲಿ ಕುಡಸ್ಲಿ? ತಣ್ಣಂದು ಕೊಡಬ್ಯಾಡಂತ ನೀವೇ ಹೇಳೀರಿ. ಅತ್ತಿ ನೋಡಿದ್ರ ಒಲಿಗೆ ನೀರು ಸುರುವಿ ಹೋಗ್ಯಾಳ."

"ನೀರು?"

"ಚುಮುಚುಮು ನಸಿಕಿನ್ಯಾಗ ಒಲಿ ಹಚ್ಚಿದ್ಳು. ಔಷಧ ಬಟ್ಟಲಕ್ಕ ಹಾಕಿ ಒಲಿ ಮ್ಯಾಲ ಇಡಾಕತ್ತಿದ್ಳು. ಅಷ್ಟ್ರಾಗ ಮೈಕಿನ್ಯಾಗ ನಿಮ್ಮ ಮನಿ ಮುತ್ಯಾನ ಹೆಸರು ಬಂತು. ಕೊಡದಾಗಿನ ನೀರು ಎತ್ತಿ ಒಲಿಗೆ ಸುರುವಿಬಿಟ್ಳು. ಮುತ್ಯಾ ಮಣ್ಣಾಗೂತನಕ ನಮ್ಮ ಒಲಿ ಹತ್ತಂಗಿಲ್ಲಂದ್ಳು. ಕೂಸಿಗರ ಹಚ್ಚೂನು ಅಂದ್ರ, ನಮ್ಮ ಮನಿ ಹಿರೇನು ಹೋದಂಗ, ನಿನಗೇನ್ ತಿಳೀತೈತಿ ಅಂತ ನನಗ ಬೈದು, ಅಳಕೊಂತ ನಿಮ್ಮ ಮನಿಗೇ ಹೋದ್ಳು." ಸೌಭಾಗ್ಯ ತಲೆ ತಗ್ಗಿಸಿದಳು. "ಆಕಿ ಹೋದ ಮ್ಯಾಲ ನಾ ಒಣಕಟ್ಟಿಗಿ ಹುಡಿಕ್ಯಾಡಿ ತಂದು ಹಚ್ಚಾಕತ್ತಿದ್ದೆ. ತಪ್ಪ ಆತೇನ್ರಿ? ರಾತ್ರೆಲ್ಲಾ ಕೆಮ್ಮೈತಿ ಕೂಸು. ಒಲಿ ಹಸಿ ಆಗೈತಿ, ಹತ್ತವಲ್ದು."

"ವಾಸನಿ ಬರಲಿಲ್ಲೇನವ್ವ ನಿನಗ?"

"ಬಂತ್ರಿ. ಔಷಧ ಅಂದ್ರ ಹಂಗ ಇರತಾವಂತ ತಿಳದೆ."

ಮಮ್ತಾಜ ಒಲೆಯ ಮುಂದೆ ಕುಳಿತಳು. ಬೂದಿ ಇನ್ನೂ ಕೆಸರಾಗಿತ್ತು. ಅದರ ಮೇಲೆ ಕೈಯಿಟ್ಟಳು. ಬಾಂಗಿಗೆ ಸ್ವಲ್ಪ ಮುಂಚೆ ಅವರು ನೀರು ಕೇಳಿದ್ದರು. ಲೋಟ ಅವರ ತುಟಿಗೆ ಮುಟ್ಟಲಿಲ್ಲ. ಇನ್ನೊಂದು ತಾಸು ಜೀವ ಹಿಡಿದಿದ್ದರೆ ಮೈಕು ತಡವಾಗಿ ಮಾತಾಡುತ್ತಿತ್ತು, ಈ ಒಲೆ ಉರಿಯುತ್ತಿತ್ತು. ಆ ಲೆಕ್ಕವನ್ನು ಅವಳು ಅಲ್ಲಿಂದ ಮುಂದೆ ಒಯ್ಯಲಾರದೆ ಹೋದಳು.

ಬಟ್ಟಲಿನಿಂದ ಚೆಲ್ಲಿದ್ದ ಕಡೆ ಬೂದಿಯನ್ನೆಲ್ಲ ಕಟ್ಟಿಗೆಯಿಂದ ಬಳಿದು ಆಳವಾಗಿ ಹೂಳಿಸಿದಳು. ಬಟ್ಟಲನ್ನೂ ಅದರೊಳಗೇ ಹಾಕಿಸಿದಳು. ಸೌಭಾಗ್ಯಳ ಕೈಗಳನ್ನು ಸಬಕಾರ ಹಚ್ಚಿ ಎರಡು ಸಲ ತೊಳೆಸಿದಳು. ಬಾಟಲಿ ಯಾವುದೆಂದು ಹೇಳಿದಾಗ ಹುಡುಗಿ ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ಹಿಂದೆ ಸರಿದಳು. ಮಮ್ತಾಜಳನ್ನು ಅವಳು ನೋಡಿದ ನೋಟದಲ್ಲಿ ಬೀಬಿ ಎಂಬ ಮಾತು ಇರಲಿಲ್ಲ.

"ಮಾಸ್ತರ ಹತ್ರ ದವಾಖಾನಿಗೆ ಚೀಟಿ ಬರಸ್ತೇನಿ. ಕೂಸಿನ್ನ ಇವತ್ತ ಶಹಾಪುರಕ್ಕ ತೋರಸ್ರಿ. ಚಾಂದಪಾಶಾ ಕರ್ಕೊಂಡು ಹೋಗ್ತಾನ," ಎಂದು ಮಾತ್ರ ಹೇಳಿದಳು.

ಎದ್ದು ಹೊರಡುವ ಮುಂಚೆ ಬಾಟಲಿಯ ಬಿರಡೆ ಬಿಗಿದಳು. ಬಿಳಿ ದಾರವನ್ನು ಹಲ್ಲಿನಿಂದ ಕಚ್ಚಲು ಹೋಗಿ, ತಡೆದು, ಕಲ್ಲಿನ ಅಂಚಿಗೆ ತಿಕ್ಕಿ ಕಡಿದಳು. ಕೂಸು ಮಲಗಿದ್ದ ಕಂಬಳಿಯ ಅಂಚಿನಿಂದ ಒಂದು ಕರಿ ಎಳೆ ಕಿತ್ತು ಬಾಟಲಿಯ ಕೊರಳಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ನಿನ್ನೆ ಮಾಡಬೇಕಾಗಿದ್ದ ಕೆಲಸ.

ಮನೆಗೆ ಬಂದಾಗ ಬೇವಿನ ಕೆಳಗೆ ಹೆಂಗಸರು ತುಂಬಿದ್ದರು. ಮಾಳಮ್ಮ ಗೋಡೆಗೆ ಆನಿಕೊಂಡು ಕುಳಿತು ಅತ್ತೂ ಅತ್ತೂ ದನಿ ಒಡೆದುಕೊಂಡಿದ್ದಳು. ಇವಳನ್ನು ಕಂಡು, "ಎಲ್ಲಿಗೆ ಹೋಗಿದ್ಯೇ ಬೀಬಿ, ಇಂಥಾದ್ರಾಗ?" ಎಂದಳು.

"ನಿನ್ನ ಹಿಂಡಿಗೆ."

ಮಮ್ತಾಜ ಅವಳನ್ನು ಭವನದೊಳಗೆ ಕರೆದುಕೊಂಡು ಹೋಗಿ ಕಪಾಟಿನ ಬಳಿ ಕೂರಿಸಿ ಎಲ್ಲ ಹೇಳಿದಳು. ದಾರ ಬದಲಾದದ್ದನ್ನೂ, ನಮಾಜು ಮುರಿಯದೆ ಇದ್ದದ್ದನ್ನೂ ಮುಚ್ಚಿಡಲಿಲ್ಲ. ಮಾಳಮ್ಮ ಬಾಟಲಿಯನ್ನು ತೆಗೆದುಕೊಂಡಳು. ಬಿರಡೆ ತೆಗೆದು ಮೂಗಿಗೆ ಹಿಡಿದಳು. ಏನೂ ತಿಳಿಯಲಿಲ್ಲ.

"ನನ್ನ ಕೈಯಿಂದನ ಹಾಕ್ತಿದ್ನೆಲ್ಲೇ," ಎಂದಳು. "ನನ್ನ ಕೈಯಿಂದನ."

"ಬೈ ನನಗ, ಮಾಳಮ್ಮ."

"ಏನ್ ಬೈಲಿ? ಬೈಯಾಕ ಬಾಯಿ ಬರವಲ್ದು." ಎದ್ದು ನಿಂತಳು. "ನಾ ಕೂಸು ನೋಡಿ ಬರ್ತೇನಿ. ಕೂಸಿನ್ನ ನೋಡೂತನಕ ನನಗ ಏನೂ ಕೇಳಬ್ಯಾಡ." ಬಾಗಿಲವರೆಗೆ ಹೋಗಿ ತಿರುಗಿದಳು. "ಮಣ್ಣಿಗೆ ಬರ್ತೇನಿ."

ಕಟ್ಟೆಯ ಮೇಲಿದ್ದ ಭಗವಂತರಾಯ ಮಾಸ್ತರರು ಕ್ಯಾನನ್ನು ಹೊರಗೆ ಒಯ್ಯಿಸಿ, ಕ್ವಾರ್ಟರ್ ಬಾಟಲಿಗಳನ್ನೆಲ್ಲ ಗೋಣಿಗೆ ತುಂಬಿಸಿದರು. ಭವನದಲ್ಲಿ ಇನ್ನು ಮೇಲೆ ವಿಷದ ಹನಿ ಇರಕೂಡದೆಂದರು.

ಜುಮ್ಮಾ ಮುಗಿದು ಶವದ ಡೋಲಿ ಎತ್ತುವ ಮುಂಚೆ ಅಂಗಳದಲ್ಲಿ ಇಮಾಮರು ಎಂದಿನಂತೆ ಕೇಳಿದರು. ಈ ಮನುಷ್ಯನಿಂದ ಯಾರಿಗಾದರೂ ನೋವಾಗಿದ್ದರೆ, ಯಾರದಾದರೂ ಹಕ್ಕು ಇವರ ಮೇಲಿದ್ದರೆ, ಅಲ್ಲಾಹನಿಗಾಗಿ ಮಾಫ್ ಮಾಡಿರಿ. ಗಂಡಸರು ಮಾಫ್ ಎಂದರು. ಹಾಗೆ ಎಲ್ಲ ಸಾವಿನಲ್ಲಿಯೂ ಎನ್ನುತ್ತಾರೆ. ಮಮ್ತಾಜ ಒಳಗಿನ ಬಾಗಿಲಿನ ಸಂದಿಯಿಂದ ಅಂಗಳದ ಕೊನೆಯನ್ನೇ ನೋಡುತ್ತಿದ್ದಳು. ಅಲ್ಲಿ ಮಾಳಮ್ಮ ಮೊಮ್ಮಗನನ್ನು ಸೊಂ‍ಟಕ್ಕೇರಿಸಿಕೊಂಡು ನಿಂತಿದ್ದಳು. ಬಂದದ್ದು ಯಾವಾಗ ಎಂದು ಯಾರಿಗೂ ತಿಳಿಯದು. ಅವಳ ತುಟಿ ಅಲುಗಲಿಲ್ಲ. ಡೋಲಿ ಹೆಗಲಿಗೇರಿತು. ನಾಲ್ಕು ಹೆಜ್ಜೆ ಮುಂದೆ ಹೋಯಿತು. ಆಗ ಮಾಳಮ್ಮ ದಾರಿಗೆ ಸರಿದು, ಕೂಸಿನ ಎರಡು ಕೈ ಹಿಡಿದು ಜೋಡಿಸಿ, "ಮಾಫ್ ಅನ್ನು, ಮುತ್ಯಾಗ ಮಾಫ್ ಅನ್ನು," ಎಂದಳು. ಕೂಸಿಗೆ ಆ ಮಾತು ಬರದು. ಅದು ಕೆಮ್ಮಿತು. ಮಾಳಮ್ಮನೇ ಹೇಳಿದಳು.

ಸಂಜೆ ಅಂಗಳ ಖಾಲಿಯಾದ ಮೇಲೆ ಮಮ್ತಾಜ ಜಾನಮಾಜು ಹಾಸಿ ಅಸರ್ ನಮಾಜು ಮಾಡಿದಳು. ನುಜ್ಹತ ಆಚೆ ಕುಳಿತು ತನ್ನ ಬುರ್ಖಾದ ಹರಿದ ಅಂಚನ್ನು ಹೊಲಿಯುತ್ತಿದ್ದಳು. ದೂರದ ಹೊಲದಲ್ಲಿ, ಕಾಲುವೆಯ ಆಚೆ, ಒಲೆ ಹೊತ್ತಿದ ಹೊಗೆ ಕಾಣುತ್ತಿತ್ತು. ಅದನ್ನು ಕಂಡಾಗಲೆಲ್ಲ ಇನ್ನು ಮೇಲೆ ಎದೆ ಝಲ್ಲೆನ್ನುತ್ತದೆ ಎಂದು ಅವಳಿಗೆ ತಿಳಿಯಿತು. ಸಲಾಮು ಹೇಳಿ ಎರಡೂ ಕೈ ಎತ್ತಿದಳು.

ಯಾ ಅಲ್ಲಾಹ್, ದಾರ ಕಟ್ಟಿದವಳು ನಾನು. ಅದನ್ನು ಅವರ ಹೆಸರಿಗೆ ಬರೆಯಬೇಡ. ಬಾಯಿಲ್ಲದ ಜೀವಗಳ ನೋವು ತಿಳಿದಿದ್ದ ಕೈಗಳು ಅವು, ಅವುಗಳನ್ನು ಕಂಡು ದಯೆ ತೋರು. ಅವರು ಕೇಳಿದ ನೀರು ನಾನು ಕೊಡುವುದರೊಳಗೆ ತಡವಾಯಿತು. ನೀನು ಕೊಡು. ಅವರ ಗೋರಿಯನ್ನು ಅಗಲ ಮಾಡು, ಅದರಲ್ಲಿ ಬೆಳಕಿಡು, ಅವರನ್ನು ಭಯವಿಲ್ಲದ ಜಾಗದಲ್ಲಿ ಮಲಗಿಸು. ಆಮೀನ್.